ಗಂಡಂದಿರಿಲ್ಲದ ಬಬಲೇಶ್ವರ

ಸತ್ತು ಮೂರು ವರ್ಷವಾದ ಮನುಷ್ಯ ನಿಮ್ಮ ಕಿವಿಯೊಳಗೇ ಕೆಮ್ಮಿದರೆ ನೀವೇನು ಮಾಡುತ್ತೀರಿ? ನೀರು ತಂದು ಕೊಡುತ್ತೀರೋ, ಚಪ್ಪಲಿ ಬಿಟ್ಟು ಓಡುತ್ತೀರೋ? ನಿಧಾನ ಯೋಚಿಸಿ ಹೇಳಿ. ನಾನು ಒಂದೇ ಬೆರಳಿನಿಂದ ಬರೆಯುವವಳು, ನೀವು ಉತ್ತರ ಹುಡುಕುವಷ್ಟರಲ್ಲಿ ನನ್ನದು ಒಂದು ಸಾಲೂ ಮುಗಿದಿರುವುದಿಲ್ಲ. ಮೊಮ್ಮಗಳು ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿ ತಿಂಗಳಾಯಿತು. ಎರಡು ಅಕ್ಷರ ಒತ್ತಿದರೆ ಸಾಕು, ಮುಂದಿನ ಮಾತನ್ನು ಫೋನು ತಾನೇ ತೋರಿಸುತ್ತದೆ. ಯಾರೋ ಬೆನ್ನ ಹಿಂದೆ ನಿಂತು ಓದುತ್ತಿದ್ದಾರೆ ಅನ್ನಿಸುತ್ತದೆ. ಹಾಗೆ ಅನ್ನಿಸಿದ್ದು ಇದೇ ಮೊದಲಲ್ಲ. ಅರವತ್ತರ ದಶಕದಲ್ಲಿ, ಇಂಗ್ಲೆಂಡಿನ ಒಂದು ನೆಲಮಾಳಿಗೆಯಲ್ಲಿ ಕುಳಿತಾಗಲೂ ಹೀಗೇ ಅನ್ನಿಸುತ್ತಿತ್ತು.

ಜೋರಾಪುರ ಪೇಟೆ

ಆಗಿನ ಬಿಜಾಪುರದ ಜೋರಾಪುರ ಪೇಟೆಯಲ್ಲಿ ನಮ್ಮ ಮನೆ. ನಮ್ಮ ಮನೆಯವರು ಅದೇ ಊರಿನ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದರು. ಅವರ ಹೆಸರನ್ನು ಈ ಬರಹದಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಇಂಗ್ಲೆಂಡಿನ ಉತ್ತರದ ಒಂದು ವಿಶ್ವವಿದ್ಯಾಲಯದಲ್ಲಿ ಅಂತರರಾಷ್ಟ್ರೀಯ ವ್ಯವಹಾರಗಳ ಸಂಶೋಧನಾ ಕೇಂದ್ರವಿತ್ತು. ಒಂದು ವರ್ಷ ಇಲ್ಲಿ ಬಂದು ಓದಿ, ಬರೆದು ಹೋಗಿ ಎಂದು ಅಲ್ಲಿಂದ ಇವರಿಗೆ ಕಾಗದ ಬಂತು. ಮದುವೆಯಾಗಿ ಆರು ತಿಂಗಳಾಗಿದ್ದ ನನ್ನನ್ನೂ ಕರೆದುಕೊಂಡು ಹೊರಟರು.

ಆ ಕೇಂದ್ರದಲ್ಲಿ ಏನು ಮಾಡುತ್ತಾರೆಂದು ನಮ್ಮ ಅತ್ತೆಗೆ ತಿಳಿಸಿ ಹೇಳುವುದೇ ಕಷ್ಟವಾಯಿತು.

"ದೇಶ ದೇಶ ಯಾಕ ಜಗಳಾಡ್ತಾವು, ಹ್ಯಾಂಗ ರಾಜಿ ಆಗ್ತಾವು ಅಂತ ನೋಡ್ತಾರಬೇ ಯವ್ವಾ," ಎಂದರು ಇವರು.

"ಅದಕ್ಕ ಅಷ್ಟ ದೂರ ಯಾಕ ಹೋಗ್ತೀಯೋ ಯಪ್ಪಾ? ನಮ್ಮ ಓಣ್ಯಾಗ ನಳದ ಮುಂದ ಕುಂದ್ರು," ಎಂದರು ಅತ್ತೆ.

ಹೊರಡುವ ಮೊದಲು ತವರಿಗೆ, ತಿಕೋಟಾಕ್ಕೆ ಹೋಗಿ ಬಂದೆ. ನನ್ನನ್ನು ಬೆಳೆಸಿದವಳು ಅಪ್ಪನ ತಾಯಿ. ಆಯಿ ಎನ್ನುತ್ತಿದ್ದೆವು, ಅಜ್ಜನಿಗೆ ಮುತ್ಯಾ. ನನ್ನ ಮದುವೆಯನ್ನು ನೋಡದೆ, ಎರಡು ವರ್ಷ ಮೊದಲೇ ಹೋಗಿಬಿಟ್ಟಿದ್ದಳು. ಅವಳದೊಂದು ಫೋಟೋ ಕೂಡ ಇರಲಿಲ್ಲ. ತೆಗೆಸೋಣ ಬಾ ಎಂದರೆ, "ಗ್ವಾಡಿಗಿ ತೂಗಹಾಕಾಕ ನಾನೇನ್ ಕ್ಯಾಲೆಂಡರ್ ಏನು?" ಎನ್ನುತ್ತಿದ್ದಳು. ಅವಳ ನೆನಪಿಗೆ ಮನೆಯಲ್ಲಿ ಹುಡುಕಿದರೆ ಸಿಕ್ಕಿದ್ದು ಅಡಿಕೆ ಕತ್ತರಿಸುವ ಅಡಕೊತ್ತು ಒಂದೇ. ಹಿತ್ತಾಳೆಯದು, ಒಂದು ಹಿಡಿಕೆ ಸ್ವಲ್ಪ ಸೊಟ್ಟಗಿತ್ತು. ಅದನ್ನು ಸೀರೆಯ ಮಡಿಕೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿಕೊಂಡೆ.

ಬಂದರು

ಹಡಗಿನ ಬಗ್ಗೆ ಹೇಳುವುದೇನೂ ಇಲ್ಲ, ಇಡೀ ದಾರಿ ವಾಂತಿ ಮಾಡಿಕೊಂಡೆ. ಇಳಿದ ಮೇಲೆ ಒಬ್ಬ ಉದ್ದನೆಯ ಅಧಿಕಾರಿ ನನ್ನ ಪೆಟ್ಟಿಗೆ ತೆಗೆಸಿ ಅಡಕೊತ್ತನ್ನು ಹೊರಗೆಳೆದ. ಯಾರ ಬೆರಳು ಕತ್ತರಿಸಲು ತಂದಿದ್ದಾಳೆ ಎನ್ನುವಂತೆ ನನ್ನ ಮುಖ ನೋಡಿದ. ಒಂದು ಅಡಿಕೆ ತೆಗೆದು ಕತ್ತರಿಸಿ ತೋರಿಸಿದೆ. ಕಟಕ್. ಅವನು ಬೆಚ್ಚಿ ಹಿಂದೆ ಸರಿದ. ಆಮೇಲೆ ನಾಲ್ಕು ಜನರನ್ನು ಕರೆದು ಅವರಿಗೂ ತೋರಿಸು ಎಂದ. ನಾಲ್ಕೂ ಸಲ ಕತ್ತರಿಸಿದೆ. ಒಂದು ತುಂಡನ್ನು ಬಾಯಿಗೆ ಹಾಕಿಕೊಳ್ಳಿ ಎಂದು ಎಷ್ಟು ಹೇಳಿದರೂ ಅವರಲ್ಲಿ ಒಬ್ಬರೂ ಧೈರ್ಯ ಮಾಡಲಿಲ್ಲ.

ಮಂಜಿನ ಊರು

ಆ ಊರಿನಲ್ಲಿ ಚಳಿಗಾಲ ಬಂದರೆ ಮಧ್ಯಾಹ್ನ ಮೂರೂವರೆಗೇ ಕತ್ತಲೆ. ಕಲ್ಲಿದ್ದಲ ಹೊಗೆ, ಮಂಜು ಕೂಡಿ ಓಣಿಗಳು ಕಾಣುತ್ತಿರಲಿಲ್ಲ. ಎದುರಿಗೆ ಬರುವವರು ಮೊದಲು ಬರೀ ಬೂಟಿನ ಸಪ್ಪಳವಾಗಿ ಬರುತ್ತಿದ್ದರು, ಆಮೇಲೆ ಟೋಪಿ, ಕೊನೆಗೆ ಮುಖ. ಬಸ್ಸಿಗಾಗಿ ಇಪ್ಪತ್ತು ಜನ ಸಾಲಾಗಿ ನಿಂತರೂ ಒಬ್ಬರೂ ಮಾತಾಡುತ್ತಿರಲಿಲ್ಲ. ನಮ್ಮ ಸ್ಟ್ಯಾಂಡಿನಲ್ಲಿ ಇಬ್ಬರು ನಿಂತರೆ ಬಸ್ಸು ಬರುವುದರೊಳಗೆ ಬೀಗತನವೇ ಆಗಿರುತ್ತದೆ. ಇಲ್ಲಿ ನಾನು ಪಕ್ಕದ ಮುದುಕಿಗೆ "ಊಟ ಆಯಿತೇ?" ಎಂದು ಕೇಳಿದ್ದಕ್ಕೆ ಅವಳು ತನ್ನ ಚೀಲ ಗಟ್ಟಿಯಾಗಿ ಹಿಡಿದುಕೊಂಡಳು.

ಕೇಂದ್ರ ಇನ್ನೂ ಮೌನ. ಜಗತ್ತಿನ ಪತ್ರಿಕೆಗಳೆಲ್ಲ ಅಲ್ಲಿಗೆ ಬರುತ್ತಿದ್ದವು. ಕತ್ತರಿ ಹಿಡಿದ ಮಂದಿ ಸುದ್ದಿಗಳನ್ನು ಕತ್ತರಿಸಿ, ಅಂಟಿಸಿ, ದೇಶಕ್ಕೊಂದು ಖಾನೆಯಲ್ಲಿ ಇಡುತ್ತಿದ್ದರು. ಆಯಾ ದೇಶದ ಯುದ್ಧ, ಬರಗಾಲ, ಒಪ್ಪಂದ ಎಲ್ಲ ಒಂದೊಂದು ಖಾನೆಯಲ್ಲಿ ತಣ್ಣಗೆ ಮಲಗಿರುತ್ತಿದ್ದವು.

ಒಂದು ದಿನ ಅಲ್ಲಿನ ಮುಖ್ಯ ಪ್ರಾಧ್ಯಾಪಕರು ನನ್ನನ್ನು ಕರೆಸಿದರು. ಹೊಸದಾಗಿ ಸ್ವತಂತ್ರವಾದ ದೇಶಗಳ ಹಳ್ಳಿಯವರಿಗೆ ಹೊರಗಿನ ಜಗತ್ತಿನ ಬಗ್ಗೆ ಏನು ಗೊತ್ತಿದೆ ಎಂಬುದು ಕೇಂದ್ರದ ಒಂದು ಸಂಶೋಧನೆ. ಅದಕ್ಕಾಗಿ ಕೆಲವು ವರ್ಷಗಳ ಹಿಂದೆ ಅವರದೊಬ್ಬ ಮನುಷ್ಯ ನಮ್ಮ ಕಡೆಗೇ ಬಂದು ಟೇಪು ಮಾಡಿಕೊಂಡು ಹೋಗಿದ್ದ. ಆ ಮಾತನ್ನು ಇಂಗ್ಲಿಷಿನಲ್ಲಿ ಬರೆದುಕೊಡಲು ಯಾರಾದರೂ ಬೇಕಿತ್ತು.

"ನಿಮ್ಮವರನ್ನೇ ಕೇಳಿದೆ. ಗಂಡಸರ ಮಾತು ತಿಳಿಯುತ್ತದೆ, ಹೆಂಗಸರದು ಅರ್ಧ ತಿಳಿಯುವುದಿಲ್ಲ ಅಂದರು," ಎಂದರು ಪ್ರಾಧ್ಯಾಪಕರು. ಅದು ನಿಜವೇ. ಈಗಲೂ ತಿಳಿಯುವುದಿಲ್ಲ.

ಟೇಪು ಮಾಡಲು ಬಂದಿದ್ದ ಆ ಸಾಹೇಬ ನನಗೆ ನೆನಪಿದ್ದ. ನಾನಾಗ ಒಂಬತ್ತನೆಯ ಇಯತ್ತೆಯಲ್ಲಿ ಓದುತ್ತಿದ್ದೆ. ಜೀಪಿನಲ್ಲಿ ಬಂದು, ನಮ್ಮ ಕಟ್ಟೆಯ ಮೇಲೂ ಕುಳಿತು, ದುಭಾಷಿಯ ಕೈಯಲ್ಲಿ ಏನೇನೋ ಕೇಳಿಸಿದ್ದ. ಅವನ ಡಬ್ಬಿಯನ್ನು ನಾವೆಲ್ಲ ರೇಡಿಯೋ ಅಂದುಕೊಂಡು, ಇದ್ಯಾಕೆ ಹಾಡುವುದಿಲ್ಲ ಎಂದು ಬೇಸರಪಟ್ಟಿದ್ದೆವು. ಅದು ನಮ್ಮ ಮಾತನ್ನೇ ನುಂಗುತ್ತಿದೆ ಎಂದು ಯಾರಿಗೂ ಗೊತ್ತಿರಲಿಲ್ಲ.

ನೆಲಮಾಳಿಗೆ

ಟೇಪುಗಳಿದ್ದದ್ದು ಕಟ್ಟಡದ ತಳದಲ್ಲಿ. ಅವನ್ನು ನೋಡಿಕೊಳ್ಳುವವಳು ಎಡ್ನಾ, ಐವತ್ತರ ಹತ್ತಿರದ ಹೆಂಗಸು. ನಾನು ಬರೆದದ್ದನ್ನು ಟೈಪು ಮಾಡುವವಳೂ ಅವಳೇ. ಅವಳ ಗಂಡ ಯುದ್ಧಕ್ಕೆ ಹೋಗಿ ಮರಳಿರಲಿಲ್ಲ. ಅವಳು ಆಡಿದ್ದೇನೋ ಇಂಗ್ಲಿಷು, ಆದರೆ ನನ್ನ ನೆನಪಿನಲ್ಲಿ ಅವಳು ನಮ್ಮ ಮಾತನ್ನೇ ಆಡುತ್ತಾಳೆ. ಹಾಗೇ ಬರೆಯುತ್ತೇನೆ.

ದಿನಾ ಮೂರು ಗಂಟೆಗೆ ಕೆಟಲು ಸೀಟಿ ಹೊಡೆಯುತ್ತಿತ್ತು. ಎಡ್ನಾ ಬಾಗಿಲ ಕಡೆ ಮುಖ ಮಾಡಿ, "ಆರ್ಥರ್, ಚಹಾ," ಎಂದು ಕರೆಯುತ್ತಿದ್ದಳು. ಆರ್ಥರ್ ಎಂದರೆ ಆ ಗಂಡ. ನನಗೆ, ತನಗೆ, ಇನ್ನೊಂದು ಹೀಗೆ ಮೂರು ಕಪ್ಪು ಸುರಿಯುತ್ತಿದ್ದಳು. ಮೊದಲ ದಿನ ನಾನೂ ಬಾಗಿಲ ಕಡೆ ತಿರುಗಿ ನೋಡಿದೆ.

"ಯಾಕ ಕರೀತೀರಿ?" ಎಂದು ಕೇಳಿದೆ.

"ಸಮೀಪ ಎಲ್ಲ್ಯರ ಇದ್ರ, ಅವನ ಚಾ ಆರಬಾರ್ದಲ್ಲ," ಎಂದಳು.

ಮೂರನೆಯ ಕಪ್ಪು ಸಂಜೆಗೆ ಬರಿದಾಗಿರುತ್ತಿತ್ತು. ಅವಳು ಅದನ್ನು ಕುಡಿದದ್ದನ್ನಾಗಲಿ ಚೆಲ್ಲಿದ್ದನ್ನಾಗಲಿ ನಾನಂತೂ ನೋಡಲಿಲ್ಲ.

ಟೇಪಿನ ಜನ ಮಾತ್ರ ನನಗೆ ಹಬ್ಬವಾಗಿದ್ದರು. ಕಿವಿಗೆ ಯಂತ್ರ ಸಿಕ್ಕಿಸಿಕೊಂಡರೆ ಹೊರಗೆ ಮಂಜು, ಒಳಗೆ ಕೋಳಿ, ಎಮ್ಮೆ, ರೊಟ್ಟಿ ಬಡಿಯುವ ಸಪ್ಪಳ. ನಿಮಗೆ ಗೊತ್ತಿರುವ ಅತಿ ದೂರದ ಊರು ಯಾವುದು ಎಂಬ ಪ್ರಶ್ನೆಗೆ ಕನಮಡಿಯವನೊಬ್ಬ, "ಮುಂಬೈರಿ. ಅಲ್ಲಿಂದ ಮುಂದ ಬರೇ ನೀರ," ಎಂದಿದ್ದ. ಬಬಲೇಶ್ವರದ ಹೆಂಗಸೊಬ್ಬಳು, "ನನ್ನ ತವರಮನಿ. ಮೂರ ಹರದಾರಿ. ಹನ್ನೆರಡ ವರ್ಷಾತು ಮುಟ್ಟಿಲ್ಲ," ಎಂದಿದ್ದಳು. ಮೂರು ಹರದಾರಿ ಎಂದರೆ ಒಂದು ಬೆಳಗಿನ ನಡಿಗೆ. ರಷ್ಯಾ, ಅಮೆರಿಕ ಜಗಳಾಡಿದರೆ ಏನಾಗಬಹುದು ಎಂದರೆ ಇನ್ನೊಬ್ಬಳು, "ಅವ್ರ ಮನ್ಯಾಗ ಹಿರ್ಯಾರು ಯಾರೂ ಇಲ್ಲೇನ್ರಿ?" ಎಂದು ತಿರುಗಿ ಕೇಳಿದ್ದಳು.

ಹೆಸರು ಮೊದಲೇ ಕೇಳಿದರೆ ಜನ ಹೆದರುತ್ತಾರೆಂದು ಸಾಹೇಬ ಅದನ್ನು ಕೊನೆಗಿಟ್ಟಿದ್ದ. ನಿಮ್ಮ ಹೆಸರೇನು, ಗಂಡನ ಹೆಸರೇನು. ಗಂಡನ ಹೆಸರು ಕೇಳಿದಾಗ ಪ್ರತಿ ಹೆಂಗಸಿನ ಟೇಪೂ ಸುಮ್ಮನಾಗುತ್ತಿತ್ತು. ಗಂಡನ ಹೆಸರನ್ನು ಬಾಯಿಬಿಟ್ಟು ಯಾರು ಹೇಳುತ್ತಾರೆ? ಟೇಪು ಸುಮ್ಮನೆ ತಿರುಗುತ್ತಿತ್ತು, ಕೋಳಿ ಕೆದರುತ್ತಿತ್ತು. ನಾನು ಆ ಜಾಗವನ್ನು ಖಾಲಿ ಬಿಡುತ್ತಿದ್ದೆ. ಆಡದ ಮಾತನ್ನು ಬರೆಯುವುದಾದರೂ ಹೇಗೆ?

ಒಮ್ಮೆ ಬಬಲೇಶ್ವರದ ಗೌರವ್ವನ ಟೇಪಿನಲ್ಲಿ, ಅಂಥದೇ ಸುಮ್ಮನಿರುವ ಹೊತ್ತಿನಲ್ಲಿ, ಒಬ್ಬ ಗಂಡಸು ಕೆಮ್ಮಿದ. ನನ್ನ ಕೈಯಲ್ಲಿದ್ದ ಚಹಾದ ಕಪ್ಪು, ಬರೆದ ಹಾಳೆಯ ಮೇಲೆ ಮಗುಚಿತು. ಆ ಕೆಮ್ಮು ನನಗೆ ಗೊತ್ತು. ಗೌರವ್ವನ ಗಂಡ ಈರಪ್ಪ ನಮಗೆ ದೂರದ ಬೀಗ. ಅವನಿಗಿಂತ ಮೊದಲು ಅವನ ಕೆಮ್ಮು ಓಣಿಗೆ ಬರುತ್ತಿತ್ತು. ಅವನನ್ನು ಮಣ್ಣು ಮಾಡಿ ಮೂರು ವರ್ಷವಾಗಿತ್ತು. ನಾನು ನೀರೂ ಕೊಡಲಿಲ್ಲ, ಓಡಲೂ ಇಲ್ಲ. ಯಂತ್ರ ನಿಲ್ಲಿಸಿ, ಹಿಂದೆ ತಿರುಗಿ ನೋಡಿದೆ. ಎಡ್ನಾ ಒದ್ದೆಯಾದ ಹಾಳೆ ನೋಡಿ, "ಇದನ್ನ ಮತ್ತ ಬರೀಬೇಕು," ಎಂದು ಆ ಟೇಪನ್ನು ಬದಿಗಿಟ್ಟಳು.

ಇದಾದ ವಾರಕ್ಕೆ ನಮ್ಮ ಮನೆಯವರು ಯಾವುದೋ ವಿದ್ವಾಂಸರ ಭಾಷಣದ ಟೇಪು ಕೇಳಿ ಎರಡು ಮಾತು ಬರೆದುಕೊಂಡು ಬಾ ಎಂದರು. ಗಡಿ ಒಪ್ಪಂದಗಳ ಮೇಲಿನ ಭಾಷಣ. ಕೇಳುತ್ತಿದ್ದೆ. ಆ ವಿದ್ವಾಂಸರು ಉಸಿರು ಎಳೆದುಕೊಳ್ಳಲು ನಿಂತಾಗ, ಆ ಭಾಷಣದ ಅಡಿಯಿಂದ, ಬಾವಿಯ ತಳದಿಂದ ಬಂದಹಾಗೆ, ಒಬ್ಬ ಹೆಂಗಸು ಸಣ್ಣಗೆ, "ಮೂರ ಹರದಾರಿ," ಎಂದಳು. ಮತ್ತೆ ಭಾಷಣ. ಮತ್ತೆ ನಿಂತಾಗ, "ಮುಟ್ಟಿಲ್ಲ."

ನಾನು ಕಿವಿಯಿಂದ ಯಂತ್ರ ಕಿತ್ತೆ. "ಈ ಭಾಷಣದಾಗ ನಮ್ಮ ಬಬಲೇಶ್ವರದಾಕಿ ಯಾಕದಾಳ?" ಎಂದು ಎಡ್ನಾಳನ್ನು ಕೇಳಿದೆ.

"ಅಳಿಸಿದ್ದು ಪೂರಾ ಅಳಿಸಿರಂಗಿಲ್ಲ," ಎಂದಳು ಅವಳು, ಟೈಪು ಮಾಡುವುದನ್ನು ನಿಲ್ಲಿಸದೆ. "ಟೇಪು ತುಟ್ಟಿ. ಕಾಗದಕ್ಕ ಬಂದಮ್ಯಾಲ ಅಳಿಸಿ ಅದರ ಮ್ಯಾಲ ಬ್ಯಾರೇದು ತುಂಬ್ತೇವಿ. ನೀ ಮುಗಿಸಿ ಕೊಟ್ಟ ಆರೂ ಅಳಿಸ್ಯಾವು. ಬರೆದು ಕೊಟ್ಟೀಯಲ್ಲ, ಇನ್ನೇನು ಬೇಕು?"

ನಾನು ಬೇಗ ಬೇಗ ಬರೆದು ಶಹಬಾಸ್ ಅನ್ನಿಸಿಕೊಂಡಿದ್ದೆ. ಆರು ಜನರನ್ನು ನಾನೇ ಮುಗಿಸಿದ್ದೆ.

ಮತ್ತೆ ತಿಕೋಟಾ

ಮರುದಿನ ತಿಕೋಟಾದ ಟೇಪುಗಳ ಪೆಟ್ಟಿಗೆ ತೆಗೆದರು. ಮೊದಲ ಟೇಪು ಹಾಕಿದೆ. ಮೊದಲು ಬಂದದ್ದು ಒಂದು ಸಪ್ಪಳ. ಕಟಕ್.

ಚಹಾ ಆದ ಮೇಲೆ ಅಡಿಕೆ ಕತ್ತರಿಸಲು ದಿನಾ ಚೀಲದಲ್ಲಿ ತರುತ್ತಿದ್ದ ಅಡಕೊತ್ತನ್ನು ಮುಟ್ಟಿ ನೋಡಿದೆ. ತಣ್ಣಗೆ ಅಲ್ಲೇ ಇತ್ತು. ಕಿವಿಯಲ್ಲಿ ಮತ್ತೆ ಕಟಕ್. ಹಿಡಿಕೆ ಸೊಟ್ಟಗಿದ್ದುದರಿಂದ ಅದು ಕತ್ತರಿಸಿದ ಮೇಲೆ ಸಣ್ಣಗೆ ಒಂದು ಕಿರಕ್ ಅನ್ನುತ್ತಿತ್ತು. ಅದೂ ಬಂತು. ಆಮೇಲೆ ಆಯಿ ಮಾತಾಡಿದಳು.

"ಕೇಳ್ರಿ, ಏನ್ ಕೇಳಾವ್ರು? ಲಗೂನ ಕೇಳ್ರಿ, ಒಲಿ ಮ್ಯಾಲ ಬ್ಯಾಳಿ ಇಟ್ಟೇನಿ."

ಗೋಲಗುಮ್ಮಟದಲ್ಲಿ ಕೂಗಿದರೆ ದನಿ ತಿರುಗಿ ಬರುತ್ತದೆ, ಅದು ನಮಗೆ ಮಕ್ಕಳಾಟ. ಆದರೆ ಕೂಗಿದವಳು ಹೋದ ಮೇಲೂ, ಏಳು ಸಮುದ್ರದಾಚೆ ಬರುವುದೆಂದರೆ? ಅತಿ ದೂರದ ಊರು ಯಾವುದು ಎಂಬುದಕ್ಕೆ ಆಯಿ, "ಹ್ವಾದಾವ್ರು ಇರೂದು," ಎಂದಳು. ಅಲ್ಲಿಂದ ಯಾರಾದರೂ ಬಂದಿದ್ದಾರೆಯೇ ಎಂದು ದುಭಾಷಿ ನಕ್ಕು ಕೇಳಿದ. "ಬರ್ತಾರ. ನಾವ ಬಾಗ್ಲಾ ಹಾಕ್ಕೊಂಡಿರ್ತೇವಿ," ಎಂದಳು.

ನನಗೆ ಕಣ್ಣೀರು ಸುರಿಯುತ್ತಿತ್ತು. ಆಗ ಆಯಿ ಒಮ್ಮೆಲೇ ದನಿ ಬದಲಿಸಿ, "ಯಾಕ ಅಳಾಕತ್ತಿ? ಕಣ್ಣೊರಸ್ಕೊ. ಹಂಗ ದೆವ್ವ ಬಡಿದಾವ್ರಂಗ ಕುಂದರಬಾರ್ದು," ಎಂದಳು.

ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಒರೆಸಿಕೊಂಡ ಮೇಲೆ ಭಯವಾಯಿತು. ಆಗಲೇ ಟೇಪಿನಲ್ಲಿ ಯಾರೋ ಮೂಗೆಳೆದ ಸಪ್ಪಳ. ಒಂಬತ್ತನೆಯ ಇಯತ್ತೆಯ ಹುಡುಗಿ, ಗಣಿತದಲ್ಲಿ ನಪಾಸಾಗಿ ಸಾಲಿಯಿಂದ ಅಳುತ್ತ ಬಂದವಳು. ನಾನೇ. ಅಂದು ಅತ್ತದ್ದು ನೆನಪಿತ್ತು, ಆ ಡಬ್ಬಿ ಅದನ್ನೂ ಇಟ್ಟುಕೊಂಡಿದ್ದು ಗೊತ್ತಿರಲಿಲ್ಲ.

ಅಲ್ಲಿಗೇ ಯಂತ್ರ ನಿಲ್ಲಿಸಿದೆ. ಮುಂದೆ ಕೇಳಿದರೆ ಬರೆಯಬೇಕು, ಬರೆದರೆ ಮುಗಿಯುತ್ತದೆ, ಮುಗಿದರೆ ಅಳಿಸುತ್ತಾರೆ. ಆಯಿಯ ದನಿ ಇನ್ನೆಲ್ಲಿಯೂ ಇರಲಿಲ್ಲ. ದಿನಕ್ಕೆ ಎರಡು ಸಾಲು ಬರೆಯತೊಡಗಿದೆ. ಬರೆದದ್ದರ ಮೇಲೆ ಬೇಕೆಂದೇ ಚಹಾ ಚೆಲ್ಲಿದೆ. ತಲೆನೋವು ಎಂದೆ, ಪೆನ್ನು ಕಳೆಯಿತು ಎಂದೆ.

"ಎರಡ ವಾರ ಆತು," ಎಂದಳು ಎಡ್ನಾ. "ತಿಂಗಳ ಕೊನೀಗೆ ಪೆಟ್ಟಿಗಿ ಖಾಲಿ ಆಗಬೇಕು. ಬರದ್ರೂ ಅಳಸ್ತಾರ, ಬರೀದಿದ್ರೂ ಅಳಸ್ತಾರ."

"ಇದು ನಮ್ಮ ಆಯಿ," ಎಂದೆ.

ಎಡ್ನಾ ಟೈಪು ಮಾಡುವುದನ್ನು ಮೊದಲ ಸಲ ನಿಲ್ಲಿಸಿದಳು. ಬಹಳ ಹೊತ್ತು ಮೂರನೆಯ ಕಪ್ಪನ್ನೇ ನೋಡಿದಳು. "ನನ್ನ ಕೈಯಾಗಿಲ್ಲ," ಎಂದಳು. "ಮ್ಯಾಲ ಕೇಳು."

ಮೇಲಿನ ಮಹಡಿ

ಕೇಳುವ ಧೈರ್ಯ ಬರುವ ಮೊದಲೇ ಪ್ರಾಧ್ಯಾಪಕರ ಭಾಷಣವಿತ್ತು. ಗೋಡೆಯ ಮೇಲೆ ನಮ್ಮ ಜಿಲ್ಲೆಯ ನಕ್ಷೆ. ತಿಕೋಟಾ, ಬಬಲೇಶ್ವರ, ಕನಮಡಿಗೆ ಕಪ್ಪು ಮೊಳೆ. ಈ ಹಳ್ಳಿಗಳಲ್ಲಿ ಮಾತಾಡಿದ ಹೆಂಗಸರಲ್ಲಿ ಒಬ್ಬಳಿಗೂ ಗಂಡನಿಲ್ಲ ಎಂದರು ಪ್ರಾಧ್ಯಾಪಕರು, ದನಿ ತಗ್ಗಿಸಿ. ಸಾಹೇಬ ಅಂದು ಬರೆದುಕೊಂಡು ತಂದ ಹಾಳೆಗಳಲ್ಲೂ ಗಂಡನ ಹೆಸರಿನ ಜಾಗ ಖಾಲಿ, ಈಗ ಹೊಸದಾಗಿ ಬರೆಸಿದ್ದರಲ್ಲೂ ಖಾಲಿ. ಈ ಗಂಡಸರು ಎಲ್ಲಿ ಹೋದರು? ಯಾವ ಯುದ್ಧ, ಯಾವ ರೋಗ ಇವರನ್ನು ಒಯ್ದಿತು? ಕೇಳುತ್ತಿದ್ದವರು ಟಿಪ್ಪಣಿ ಬರೆದುಕೊಳ್ಳುತ್ತಿದ್ದರು. ಒಂದು ಕ್ಷಣ ನನಗೂ ಕಂಡಿತು ಆ ಊರು. ಬಿಸಿಲು, ಖಾಲಿ ಕಟ್ಟೆಗಳು, ಬಿಳಿ ಸೀರೆಯ ಹೆಂಗಸರು ಮಾತಿಲ್ಲದೆ ರೊಟ್ಟಿ ಬಡಿಯುತ್ತಿದ್ದಾರೆ. ಆ ಊರನ್ನು ಕಟ್ಟಿದವಳು ನಾನೇ.

ಪಕ್ಕದಲ್ಲಿದ್ದ ಇವರನ್ನು ತಿವಿದೆ. "ಏನ್ರಿ, ಏನ್ ಹೇಳಾಕತ್ತಾರ ಕೇಳಿದ್ರೇನು? ನಮ್ಮ ಕಡೆ ಗಂಡಸರ ಇಲ್ಲಂತ."

"ಸುಮ್ಮ ಕುಂದ್ರು. ಎಲ್ಲಾರೂ ನೋಡಾಕತ್ತಾರ."

"ನೀವ ಇಲ್ಲ ಅಂದಮ್ಯಾಲ ನನಗ ಸುಮ್ಮ ಕುಂದ್ರು ಅನ್ನಾವ್ರು ಯಾರು?" ಎಂದು ಎದ್ದು ನಿಂತೆ.

ನಮ್ಮಲ್ಲಿ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ, ಕೇಳಿದರೆ ಸುಮ್ಮನಿರುತ್ತಾರೆ, ಆ ಸುಮ್ಮನಿರುವುದೇ ಉತ್ತರ ಎಂದೆ. ಅದನ್ನು ಬರೆಯಬೇಕೆಂದು ನನಗೂ ಹೊಳೆಯಲಿಲ್ಲ ಎಂದೆ. ಪ್ರಾಧ್ಯಾಪಕರು ಬೇಸರದಿಂದ, ಎಲ್ಲರೂ ವಿಧವೆಯರಲ್ಲ ಎಂಬುದಕ್ಕೆ ಆಧಾರವೇನು ಎಂದು ಕೇಳಿದರು. ಚಹಾ ಚೆಲ್ಲಿ ಉಳಿದಿದ್ದ ಗೌರವ್ವನ ಟೇಪನ್ನು ತರಿಸಿದೆ.

ಗಂಡನ ಹೆಸರೇನು ಎಂದು ದುಭಾಷಿ ಕೇಳಿದ. ಟೇಪು ಸುಮ್ಮನಾಯಿತು. ಆ ದೊಡ್ಡ ಕೋಣೆಯಲ್ಲಿ ಬಬಲೇಶ್ವರದ ಕೋಳಿ ಕೆದರಿತು. ಆಮೇಲೆ ಈರಪ್ಪ ಕೆಮ್ಮಿದ. ಮುಂದಿನ ಸಾಲಿನ ಇಬ್ಬರು ಹಿಂದೆ ತಿರುಗಿ ನೋಡಿದರು. ಆಚೆಯಿಂದ ಗೌರವ್ವನ ಸಣ್ಣ ದನಿ: "ಬೀಡಿ ಬಿಡ್ರಿ ಅಂದ್ರ ಬಿಡಂಗಿಲ್ಲ. ಕೆಮ್ರಿ ಇನ್ನ."

ಅದನ್ನು ಇಂಗ್ಲಿಷಿಗೆ ಮಾಡಿ ಹೇಳಿದೆ. "ಹೀಗೆ ಯಾರನ್ನು ಬೈಯುತ್ತಾರೆಂದು ನಿಮಗೇ ಗೊತ್ತಿರಬೇಕು," ಎಂದೆ.

ಪ್ರಾಧ್ಯಾಪಕರು ಬಾಯಲ್ಲಿದ್ದ ಪೈಪನ್ನು ಮೆಲ್ಲಗೆ ತೆಗೆದು ಮೇಜಿನ ಮೇಲಿಟ್ಟರು. ಮೂಲೆಯಲ್ಲಿ ಕುಳಿತಿದ್ದ ಅವರ ಹೆಂಡತಿ ನಕ್ಕ ಸಪ್ಪಳ ಎಲ್ಲರಿಗೂ ಕೇಳಿಸಿತು.

"ಈ ಕೆಮ್ಮು ನಿಮ್ಮ ಹಾಳೆಯಲ್ಲಿಲ್ಲ," ಎಂದೆ. "ಅದಕ್ಕೇ ಹಾಳೆ ಓದಿದರೆ ಈ ಮನುಷ್ಯ ಹುಟ್ಟೇ ಇಲ್ಲ. ಈಗ ಸತ್ತಿದ್ದಾನೆ, ಅದು ಬೇರೆ. ಟೇಪು ಅಳಿಸಿದರೆ ಎರಡನೆಯ ಸಲ ಸಾಯುತ್ತಾನೆ."

ಅವರು ನಕ್ಷೆಯ ಮೊಳೆಗಳನ್ನು ತಾವೇ ಒಂದೊಂದಾಗಿ ಕಿತ್ತರು. ನಮ್ಮ ಕಡೆಯ ಉಳಿದ ಯಾವ ಟೇಪನ್ನೂ ಅಳಿಸಬಾರದೆಂದು ಅಂದೇ ಸಂಜೆ ಕೆಳಗೆ ಚೀಟಿ ಹೋಯಿತು. ಮೊದಲಿನ ಆರು ಮಾತ್ರ ಹೋದವು. ಅವರಲ್ಲೊಬ್ಬಳು ಆ ಗಡಿ ಒಪ್ಪಂದದ ಭಾಷಣದ ಅಡಿಯಲ್ಲಿ ಇನ್ನೂ ತವರಿನ ದಾರಿ ಹೇಳುತ್ತಿರಬಹುದು.

ಮತ್ತೆ ನೆಲಮಾಳಿಗೆ

ಚೀಟಿ ಬಂದ ಮರುದಿನ ಆಯಿಯ ಟೇಪನ್ನು ಕೊನೆಯವರೆಗೂ ಕೇಳಲು ಕುಳಿತೆ. ಎಡ್ನಾ ಇನ್ನೊಂದು ಕಿವಿಯಂತ್ರ ಸಿಕ್ಕಿಸಿಕೊಂಡು ಪಕ್ಕಕ್ಕೆ ಬಂದಳು. ಒಂದು ಮಾತೂ ತಿಳಿಯುವುದಿಲ್ಲವಲ್ಲ ಎಂದರೆ, "ಕೇಳಾಕ ತಿಳೀಬೇಕಂತೇನಿಲ್ಲ," ಎಂದಳು. ನಮ್ಮ ನಡುವೆ ಮೂರು ಕಪ್ಪು ಚಹಾ ಹೊಗೆಯಾಡುತ್ತಿತ್ತು. ಹೊರಗೆ ಮೂರೂವರೆಯ ಕತ್ತಲೆ.

ಪ್ರಶ್ನೆಗಳು ಮುಗಿಯುತ್ತ ಬಂದವು. "ನಿಮ್ಮ ಮನಿಯವ್ರ ಹೆಸರೇನು ಆಯಿ?" ಎಂದ ದುಭಾಷಿ.

ಟೇಪು ಸುಮ್ಮನಾಯಿತು. ಕಟಕ್, ಕಿರಕ್. ಕಟಕ್, ಕಿರಕ್. ಎಡ್ನಾಳ ಕಣ್ಣು ನನ್ನ ಚೀಲದ ಕಡೆ ಹೋಯಿತು.

ಆಮೇಲೆ ನನ್ನದೇ ದನಿ ಬಂತು. ತೆಳ್ಳಗೆ, ಅತ್ತು ಮುಗಿಸಿ ಈಗ ಕುಚೇಷ್ಟೆಗೆ ಇಳಿದ ದನಿ.

"ಮುತ್ಯಾ ಹೋಗಿ ಹತ್ತ ವರ್ಷ ಆತು. ಈಗರ ಹೆಸರ ಹಿಡದು ಕರಿ ಆಯಿ. ಏನಾಗ್ತೈತಿ ನೋಡೂಣು."

ಅಡಕೊತ್ತು ನಿಂತಿತು. ಆಯಿ ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡಿದ್ದಿರಬೇಕು.

"ಕರದ್ರ ಬರ್ತಾನ ಆಂವ," ಎಂದಳು. "ಬಂದಮ್ಯಾಲ ರೊಟ್ಟಿ ನೀ ಬಡೀತಿಯೇನು?"